ಎಡಗಡೆಯ ಎತ್ತು

ರೋಹಿಣಿ ಮಳೆ ಮುಗಿಯುತ್ತ ಬಂದಿತ್ತು, ಮೃಗಶಿರಾ ಇನ್ನೂ ಕೂಡಿರಲಿಲ್ಲ. ದನಗಳು ಊರಿಗೆ ತಿರುಗುವ ಹೊತ್ತು, ಸೊಕ್ಕೆಯ ಓಣಿಯ ತುಂಬ ಧೂಳೆದ್ದಿತ್ತು. ಎಪ್ಪತ್ತೆಂಟನೆಯ ಇಸವಿಯ ಆ ಸಂಜೆ, ಸವಳಂಗದಿಂದ ನಡೆದುಕೊಂಡು ಬಂದ ಬಿಳಿ ಎತ್ತೊಂದು ಓಬಣ್ಣನ ಮನೆ ಮುಂದೆ ನಿಂತಿತು. ಕೊರಳಿಗೆ ಗೆಜ್ಜೆಸರ, ಕೋಡಿಗೆ ಹೊಸ ಕುಚ್ಚು. ಓಬಣ್ಣನ ಹೊಸ ಹೆಂಡತಿ ಉಡಚಮ್ಮನಿಗೆ ಅವಳಪ್ಪ ಸಣ್ಣತಿಮ್ಮಪ್ಪ ಕಳಿಸಿದ ಬಳುವಳಿ ಅದು. ಹಗ್ಗ ಹಿಡಿದು ಬಂದವನು ಅವಳ ಸೋದರಮಾವ.

ಮದುವೆಯಾಗಿ ಇನ್ನೂ ತಿಂಗಳು ತುಂಬಿರಲಿಲ್ಲ. ತವರಿನ ಎತ್ತು ಕಂಡು ಉಡಚಮ್ಮನಿಗೆ ಎದೆಯುಬ್ಬಿತು. ಚೊಂಬಿನಲ್ಲಿ ನೀರು ತಂದು ಎತ್ತಿನ ಕಾಲಿಗೆ ಹಾಕಿ, ಅರಿಶಿನ ಕುಂಕುಮ ಇಟ್ಟು, ಗಂಡನ ಮುಖ ನೋಡಿದಳು. ಗಂಡ ಎತ್ತನ್ನು ನೋಡುತ್ತಿರಲಿಲ್ಲ. ಗಾದ್ರಪ್ಪನನ್ನು ನೋಡುತ್ತಿದ್ದ.

ಗಾದ್ರಪ್ಪ ಯಾರೆಂದು ಹೇಳಬೇಕು. ನೊಗಕ್ಕೆ ಎರಡು ಎತ್ತು ಬೇಕು, ಬಡವನ ಕೊಟ್ಟಿಗೆಯಲ್ಲಿ ಇರುವುದು ಒಂದೇ. ಅಂಥವನು ತನ್ನ ಹಾಗೆಯೇ ಒಂಟಿ ಎತ್ತಿನವನನ್ನು ಹುಡುಕಿಕೊಂಡು ಕೂಡಿ ಗೆಯ್ಯುತ್ತಾನೆ. ಒಂದು ದಿನ ಇವನ ಹೊಲ, ಮಾರನೆಯ ದಿನ ಅವನ ಹೊಲ. ಓಬಣ್ಣನ ಎತ್ತು ಕೆಂದ, ಗಾದ್ರಪ್ಪನ ಎತ್ತು ಬೂದ. ಕೆಂದ ನೊಗದ ಬಲಕ್ಕೆ ಪಳಗಿದ್ದು, ಬೂದ ಎಡಕ್ಕೆ. ಎತ್ತನ್ನು ಹೋರಿಯಾಗಿದ್ದಾಗಲೇ ಒಂದು ಮಗ್ಗುಲಿಗೆ ಪಳಗಿಸಿರುತ್ತಾರೆ. ಆಮೇಲೆ ಮಗ್ಗುಲು ಬದಲಿಸಿ ಕಟ್ಟಿದರೆ ಅದು ಮುಂದಕ್ಕೆ ಹೆಜ್ಜೆ ಇಡುವುದಿಲ್ಲ, ನೊಗ ಒಗೆದು ನಿಲ್ಲುತ್ತದೆ. ಇಬ್ಬರು ಗೆಳೆಯರೂ ಮೀಸೆ ಮೂಡಿದಾಗಿನಿಂದ ಹೀಗೆ ಕೂಡಿ ಗೆಯ್ದವರು. ಎರಡೂ ಎತ್ತು ಓಬಣ್ಣನ ಕೊಟ್ಟಿಗೆಯಲ್ಲೇ ಇರುತ್ತಿದ್ದವು. ಗಾದ್ರಪ್ಪನಿಗೆ ಅಪ್ಪ ಅವ್ವ ಇರಲಿಲ್ಲ, ಮದುವೆಯೂ ಆಗಿರಲಿಲ್ಲ. ಒಬ್ಬಳೇ ಅಕ್ಕ ಚನ್ನಗಿರಿ ಕಡೆ ಒಂದು ಹಳ್ಳಿಗೆ ಮದುವೆಯಾಗಿ ಹೋಗಿದ್ದಳು. ಬೆಳಿಗ್ಗೆ ಕೋಳಿ ಕೂಗಿದರೆ ಅವನು ಓಬಣ್ಣನ ಅಂಗಳದಲ್ಲಿ ಇರುತ್ತಿದ್ದ, ಉಣ್ಣುವುದೂ ಹೆಚ್ಚಿಗೆ ಅಲ್ಲೇ.

ಗಾದ್ರಪ್ಪ ಬಿಳಿ ಎತ್ತಿನ ಹಲ್ಲು ನೋಡಿದ, ಗೊರಸು ನೋಡಿದ, ಡುಬ್ಬದ ಮೇಲೆ ಕೈಯಾಡಿಸಿದ.

"ಏನ್ ಕೋಡಲೇ ಓಬಾ! ತಿದ್ದಿ ಇಟ್ಟಂಗದಾವೆ. ಮಾವನ ಮನೆಯೋರು ಮಗಳಿಗಿಂತ ಇದನ್ನೇ ಚೆನ್ನಾಗಿ ಸಾಕವ್ರೆ ನೋಡು."

ಸೋದರಮಾವನಿಗೆ ಖುಷಿಯಾಯಿತು. "ಸುಮ್ನೆ ಸಿಕ್ಕಿದ್ದಲ್ರಿ. ಅಳಿಯಂದ್ರದು ಬಲಗಡೆ ಎತ್ತಂತೆ, ಎಡಗಡೆದೇ ಬೇಕು ಅಂತ ನಮ್ಮ ಭಾವ ಸಂತೆ ಸಂತೆ ತಿರುಗಿದ್ರು. ಇನ್ನು ಮ್ಯಾಲೆ ನನ್ನ ಅಳಿಯ ನೊಗ ಹೂಡಾಕೆ ಯಾರ ಮನೆ ಬಾಗ್ಲಿಗೂ ಹೋಗಬಾರ್ದು ಅಂತ ಅವ್ರ ಆಸೆ."

ಡುಬ್ಬದ ಮೇಲಿದ್ದ ಗಾದ್ರಪ್ಪನ ಕೈ ಅಲ್ಲೇ ನಿಂತಿತು. ಒಂದು ಉಸಿರಿನಷ್ಟು ಹೊತ್ತು. ಆಮೇಲೆ ಅವನೇ ಜೋರಾಗಿ ನಕ್ಕ.

"ಹಂಗಾರೆ ಓಬ ಸಾವ್ಕಾರ ಆದ ಬಿಡ್ರಿ. ನಾಳೆಯಿಂದ ಲೇ ಅನ್ನಾಕೆ ಬರಂಗಿಲ್ಲ, ಓಬಣ್ಣಾರೇ ಅನ್ನಬೇಕು."

ಎಲ್ಲರೂ ನಕ್ಕರು. ನಗು ಮುಗಿಯುವಷ್ಟರಲ್ಲಿ ಗಾದ್ರಪ್ಪ ಕೊಟ್ಟಿಗೆಗೆ ಹೋಗಿ ಬೂದನ ಹಗ್ಗ ಬಿಚ್ಚಿಕೊಂಡು ಬಂದಿದ್ದ. "ಗೂಟ ಎರಡೇ ಅದಾವೆ. ಹೊಸ ನೆಂಟ ದೂರದಿಂದ ನಡ್ಕೊಂಡು ಬಂದೈತೆ, ಮಲಗಲಿ," ಎಂದು ತನ್ನ ಎತ್ತನ್ನು ಹೊಡೆದುಕೊಂಡು ಓಣಿಯಲ್ಲಿ ಹೊರಟೇಹೋದ. ಓಬಣ್ಣ ಏನೋ ಹೇಳಲು ಬಾಯಿ ತೆರೆದವನು ಮುಚ್ಚಿಕೊಂಡ. ಮಾವನ ಮನೆಯವನು ಎದುರಿಗೇ ನಿಂತಿದ್ದಾನೆ, ಏನೆಂದು ಹೇಳಿಯಾನು?

ಮಾರನೆಯ ಬೆಳಿಗ್ಗೆ ಗಾದ್ರಪ್ಪ ಬರಲಿಲ್ಲ. ಅದರ ಮಾರನೆಯ ದಿನವೂ ಇಲ್ಲ. ಓಬಣ್ಣನೂ ಹೋಗಿ ಕರೆಯಲಿಲ್ಲ. ಅವತ್ತಿನಿಂದ ಓಬಣ್ಣನ ಬಾಯಿಗೆ ಬೀಗ ಬಿತ್ತು.

ಮೊದಲು ಹಾಗಿರಲಿಲ್ಲ. ಮದುವೆಯಾದ ಹೊಸದರಲ್ಲಿ ಅವನು ಉಡಚಮ್ಮ ಮುದ್ದೆ ಕಟ್ಟುವುದನ್ನು ನೋಡಿ, "ನಿಮ್ಮ ಸೀಮೆ ಮುದ್ದೆಗೆ ಮೂಲೆ ಇರ್ತಾವೇನು?" ಎಂದು ಕಾಡುತ್ತಿದ್ದ. ಕೆರೆ ಹೆಂಗೈತೆ, ಗದ್ದೆ ನಾಟಿ ಹೆಂಗೆ ಹಾಕ್ತೀರಿ, ಕಾಲಿಗೆ ಜಿಗಣೆ ಹತ್ತಲ್ವಾ ಎಂದು ಕೇಳಿ ಕೇಳಿ ಅವಳ ಬಾಯಿ ಬಿಡಿಸಿದ್ದ. ಈಗ ಬಂದು ಕೂರುವುದು, ಇಟ್ಟಿದ್ದನ್ನು ಉಣ್ಣುವುದು, ಹೊರಗೆ ಕಟ್ಟೆಯ ಮೇಲೆ ಓಣಿಯ ಕಡೆ ಮುಖ ಮಾಡಿ ಕುಳಿತುಬಿಡುವುದು. ಸಾರಿಗೆ ಉಪ್ಪು ಮರೆತ ದಿನವೂ ಅವನು ಮಾತಾಡಲಿಲ್ಲ. ಅದೇ ಅವಳಿಗೆ ಹೆಚ್ಚು ದಿಗಿಲಾಯಿತು.

ದಿಗಿಲಿಗೆ ಕಾರಣವಿತ್ತು. ಸವಳಂಗ ಕೆರೆ ಗದ್ದೆಯ ಸೀಮೆ, ಸೊಕ್ಕೆ ಇರುವ ಜಗಳೂರಿನ ಕಡೆ ಬರೀ ಮಳೆ ನಂಬಿದ ಬೆದ್ದಲು. ಅಲ್ಲಿನವರು ಇಲ್ಲಿಗೆ ಸುಮ್ಮನೆ ಹೆಣ್ಣು ಕೊಡುವವರಲ್ಲ. ಉಡಚಮ್ಮನಿಗೆ ಮೊದಲು ಹೊನ್ನಾಳಿ ಹತ್ತಿರದ ಒಂದು ಮನೆಗೆ ಮದುವೆ ಗೊತ್ತಾಗಿತ್ತು. ವೀಳ್ಯ ಬದಲಾಯಿಸಿ, ಸೀರೆ ಉಡಿಸಿ, ಎಲ್ಲ ಆದ ವಾರದೊಳಗೆ ಆ ಮನೆಯ ಹಿರಿಯ ಬಚ್ಚಲಲ್ಲಿ ಜಾರಿ ಬಿದ್ದು ತೀರಿಕೊಂಡ. ಹುಡುಗಿ ಕಾಲ್ಗುಣ ನೆಟ್ಟಗಿಲ್ಲ ಎಂದು ಅವರು ವೀಳ್ಯ ಮುರಿದರು. ಅವಳು ಇನ್ನೂ ಆ ಮನೆಯ ಹೊಸ್ತಿಲು ಕಂಡಿರಲಿಲ್ಲ, ಆದರೂ ಕಾಲಿನ ಮೇಲೆ ಮಾತು ಬಂತು. ಆ ಮೇಲೆ ಸುತ್ತಮುತ್ತಲಿನ ಯಾರೂ ಹೆಣ್ಣು ಕೇಳಲು ಬರಲಿಲ್ಲ. "ಸೊಕ್ಕೆಯೋರಿಗೆ ಎಲ್ಲಾ ಹೇಳೀನಿ ಬಿಡು," ಎಂದಿದ್ದ ಅವಳಪ್ಪ. ಹೇಳುವಾಗ ಅವನು ಗೋಡೆಯ ಕಡೆ ನೋಡುತ್ತಿದ್ದುದನ್ನು ಉಡಚಮ್ಮ ಕಂಡಿದ್ದಳು.

ಈಗ ಗಂಡನ ಬಾಯಿ ಕಟ್ಟಿದ್ದೇ ಅವಳಿಗೆ ಎಲ್ಲ ಒಂದಕ್ಕೊಂದು ಹೊಂದಿಕೊಳ್ಳುತ್ತ ಹೋಯಿತು. ಹೊನ್ನಾಳಿಯದು ಇವರಿಗೆ ಗೊತ್ತಾಗಿದೆ. ಯಾರೋ ಹೇಳಿದ್ದಾರೆ. ಇವತ್ತಲ್ಲ ನಾಳೆ ತವರಿಗೆ ಹೊರಡು ಅಂತಾರೆ. ಒಂದು ಸಲ ಸೀರೆ ವಾಪಸ್ಸು ಕೊಟ್ಟು ಬಂದವಳು, ಈ ಸಲ ತಾನೇ ವಾಪಸ್ಸು ಹೋಗಬೇಕು.

ಅಂದಿನಿಂದ ಅವಳು ಹೊಸ್ತಿಲು ದಾಟುವಾಗ ನಿಂತು, ಬಲಗಾಲು ಯಾವುದೆಂದು ನೋಡಿಕೊಂಡು ಇಡತೊಡಗಿದಳು. ಒಂದು ದಿನ ಸಾರಿನ ಕುಡಿಕೆ ಕೈಜಾರಿ ಒಡೆಯಿತು. ಚೂರುಗಳನ್ನು ಸೆರಗಿನಲ್ಲಿ ಕಟ್ಟಿಕೊಂಡು ಹೋಗಿ ಬೇಲಿಯಾಚೆ ಎಸೆದು, ಅತ್ತೆ ಕೇಳಿದಾಗ ಬೆಕ್ಕು ಉರುಳಿಸಿತು ಎಂದಳು. ಇನ್ನೊಂದು ದಿನ ಅತ್ತೆಯ ಕರಿ ಕೋಳಿ ರೋಗ ಬಂದು ಸತ್ತು ಬಿದ್ದಿತ್ತು. ಯಾರೂ ಏಳುವ ಮುಂಚೆ ಅದನ್ನು ತಿಪ್ಪೆಯೊಳಗೆ ಹೂತುಬಿಟ್ಟಳು. ಅತ್ತೆ ಕರಿಬಸಮ್ಮ ಊರೆಲ್ಲ ತಿರುಗಿ ಕೋಳಿ ಕದ್ದವರಿಗೆ ಶಾಪ ಹಾಕಿ ಬಂದಳು. ಅತ್ತೆಗೆ ಕೆಮ್ಮು ಬಂದರೂ ಸೊಸೆ ಓಡಿಹೋಗಿ ಬಿಸಿನೀರು ತರುತ್ತಿದ್ದಳು. ದೇವರೇ, ಇವರು ನೂರು ವರ್ಷ ಬದುಕಲಿ, ನಾನು ಈ ಮನೆಯಲ್ಲಿ ಇರುವಷ್ಟು ದಿನವಾದರೂ.

ಕರಿಬಸಮ್ಮ ಕೆಟ್ಟವಳಲ್ಲ, ಬಾಯಿ ಮಾತ್ರ ನಿಲ್ಲುತ್ತಿರಲಿಲ್ಲ. "ಗಾದ್ರಿ ಈ ಕಡೆ ತಲೆ ಹಾಕಿ ಎಷ್ಟು ದಿನ ಆತು. ಈ ಮನೆಗೆ ಯಾರ ಕಣ್ಣು ಬಿತ್ತೋ," ಎಂದಳು ಒಂದು ದಿನ ಜೋಳ ಕೇರುತ್ತ. ಸುಮ್ಮನೆ ಆಡಿದ ಮಾತು. ಉಡಚಮ್ಮನಿಗೆ ಅದು ತನ್ನ ಪಾದದ ಮೇಲೆ ಬಿದ್ದಂತಾಯಿತು.

ಸೇದೋ ಬಾವಿಯ ಹತ್ತಿರ ಪಕ್ಕದ ಮನೆ ಬಂಗಾರಮ್ಮ ಸಿಕ್ಕಳು. ಅವಳಿಗೆ ಊರಿನ ಎಲ್ಲ ಸುದ್ದಿಯೂ ಬೇಕು.

"ಯಾಕವ್ವ ಸವಳಂಗದೋಳೇ, ಮುಖ ಬಾಡೈತೆ? ಅನ್ನ ಇಲ್ದೆ ಸೊರಗಿದೆಯೇನು?"

"ಏನಿಲ್ಲಕ್ಕ."

"ನಿನ್ನ ಗಂಡನೂ ಗಾದ್ರಪ್ಪನೂ ಮಾತು ಬಿಟ್ಟವ್ರಂತೆ, ಹೌದಾ? ಅವನಪ್ಪ ಸತ್ತಾಗ ಓಬನೂ ಜೊತೆಗೆ ತಲೆ ಬೋಳಿಸ್ಕೊಂಡಿದ್ದ, ಗೊತ್ತೇನು? ಒಂದೇ ಬೀಡೀನ ಇಬ್ರೂ ಸೇದೋರು. ನಿನ್ನ ಸಂಬಂಧ ಕುದುರಿಸಿದ್ದೂ ಗಾದ್ರಪ್ಪನೇ. ನಿಮ್ಮೂರಾಗೆ ಉಳ್ಕೊಂಡು, ಚಾದಂಗಡ್ಯಾಗೆ ಕುಂತು, ಹುಡುಗಿ ಹೆಂಗೆ ಏನು ಅಂತ ಎಲ್ಲಾ ವಿಚಾರಿಸ್ಕೊಂಡು ಬಂದಿದ್ದ."

ಕೊಡ ಬಾವಿಯೊಳಗೆ ಇಳಿಯುತ್ತಲೇ ಇತ್ತು, ಉಡಚಮ್ಮ ಹಗ್ಗ ಬಿಡುತ್ತಲೇ ಇದ್ದಳು. ಎಲ್ಲಾ ವಿಚಾರಿಸಿಕೊಂಡು ಬಂದಿದ್ದ. ಸವಳಂಗದ ಚಹಾದ ಅಂಗಡಿಯಲ್ಲಿ ಕುಳಿತವನಿಗೆ ಹೊನ್ನಾಳಿಯ ವೀಳ್ಯದ ಸುದ್ದಿ ಕಿವಿಗೆ ಬೀಳದೆ ಇದ್ದೀತೇ? ಇಷ್ಟು ದಿನ ಮುಚ್ಚಿಟ್ಟುಕೊಂಡಿದ್ದವನು ಈಗ ಹೇಳಿದ್ದಾನೆ. ಯಾಕೆ ಮೊದಲೇ ಹೇಳಲಿಲ್ಲ ಅಂತ ಇವರಿಗೆ ಸಿಟ್ಟು. ಅದಕ್ಕೇ ಇಬ್ಬರಿಗೂ ಮಾತು ಬಿಟ್ಟಿದೆ. ಅವಳ ಲೆಕ್ಕಾಚಾರದಲ್ಲಿ ಎಲ್ಲೂ ಬಿರುಕು ಕಾಣಲಿಲ್ಲ.

ಮೃಗಶಿರಾ ಮಳೆ ಚೆನ್ನಾಗಿ ಬಿತ್ತು. ನೆಲ ಹದಕ್ಕೆ ಬಂತು, ಊರಿಗೆ ಊರೇ ಹೊಲಕ್ಕೆ ಇಳಿಯಿತು. ಓಬಣ್ಣ ಕೆಂದನ ಜೊತೆಗೆ ಬಿಳಿಯನನ್ನು ಹೂಡಿದ. ಅವನು ಕೂರಿಗೆ ಹಿಡಿದು ಎತ್ತು ಹೊಡೆಯುತ್ತಿದ್ದರೆ, ಉಡಚಮ್ಮ ಹಿಂದೆ ಹಿಂದೆ ಕೂರಿಗೆಯ ಬಟ್ಟಲಿಗೆ ನವಣೆ ಕಾಳು ಬಿಡುತ್ತ ನಡೆಯುತ್ತಿದ್ದಳು. ಬಿಳಿಯ ಕೆಸರು ಗದ್ದೆಯ ಎತ್ತು, ಪ್ರತಿ ಹೆಜ್ಜೆಗೂ ಕಾಲು ಮೇಲೆತ್ತಿ ಇಡುತ್ತಿತ್ತು. ಪಕ್ಕದ ಹೊಲದವರು ನೋಡಿ, "ಏನೋ ಓಬಾ, ನಿನ್ನ ಎತ್ತು ಕುಣೀತೈತೆ, ತಮಟೆ ತರಾನೇನು?" ಎಂದು ಕೂಗಿದರು. ಬೇರೆ ದಿನವಾದರೆ ಓಬಣ್ಣ ಅದಕ್ಕೆ ಸರಿಯಾಗಿ ಎರಡು ಕೊಡುತ್ತಿದ್ದ. ಅವತ್ತು ತಲೆಯೆತ್ತಲಿಲ್ಲ.

ಬದುವಿನ ಆಚೆ ಗಾದ್ರಪ್ಪನ ಹೊಲ. ಹರಗಿದ್ದು ಹರಗಿದ ಹಾಗೇ, ಬಿತ್ತನೆಯಿಲ್ಲದೆ ಬಿದ್ದಿತ್ತು. ಸುತ್ತಲೆಲ್ಲ ಕೂರಿಗೆ ಓಡಾಡುತ್ತಿದ್ದರೂ ಅಲ್ಲಿ ಒಂದು ನರಪಿಳ್ಳೆ ಇರಲಿಲ್ಲ. ಸಾಲು ತಿರುಗಿಸುವಾಗಲೆಲ್ಲ ಓಬಣ್ಣನ ಕಣ್ಣು ಅಲ್ಲಿಗೇ ಹೋಗುತ್ತಿತ್ತು. ಸಾಲು ಸೊಟ್ಟಗಾಯಿತು. ಬಿಳಿಯನಿಗೆ ಬಾರುಕೋಲಿನಿಂದ ಎರಡು ಬಿಗಿದ. ಆಮೇಲೆ ತನಗೇ ಏನೋ ಅನ್ನಿಸಿ, ಎತ್ತಿನ ಕುತ್ತಿಗೆ ಸವರಿ, ಹಿಂದೆ ತಿರುಗಿ ನೋಡದೆ ಹೇಳಿದ:

"ನಿನ್ನ ಎತ್ತಿಂದು ತಪ್ಪಿಲ್ಲ."

ಅಷ್ಟು ದಿನಗಳಿಗೆ ಅವನು ಆಡಿದ ಮೊದಲ ಮಾತು ಅದು. ನಿನ್ನ ಎತ್ತು ಅಂದ, ನಮ್ಮ ಎತ್ತು ಅನ್ನಲಿಲ್ಲ. ಆ ಒಂದು ಮಾತನ್ನು ಉಡಚಮ್ಮ ಮೂರು ದಿನ ಮೆಲುಕು ಹಾಕಿದಳು. ಎತ್ತಿಂದು ತಪ್ಪಿಲ್ಲ ಅಂದರೆ ತಪ್ಪು ಯಾರದು ಅಂತಾಯಿತು?

ಕಾರಹುಣ್ಣಿಮೆ ಬಂತು. ಎತ್ತುಗಳ ಮೈ ತೊಳೆದು ಕೋಡಿಗೆ ಬಣ್ಣ ಹಚ್ಚುವ ದಿನ. ಓಬಣ್ಣ ಜಗಳೂರಿನಿಂದ ಬಣ್ಣ ತಂದಿದ್ದ. ಎರಡು ಎತ್ತಿಗೆ ಹಚ್ಚಿದ ಮೇಲೂ ಬಣ್ಣ ಉಳಿದಿತ್ತು. ಡಬ್ಬಿ ಕೈಯಲ್ಲಿ ಹಿಡಿದು ಬಾಗಿಲ ತನಕ ಹೋದ, ನಿಂತ, ವಾಪಸ್ಸು ಬಂದು ಸೂರಿನ ಸಂದಿಯಲ್ಲಿ ಇಟ್ಟ. ಇದನ್ನೂ ಉಡಚಮ್ಮ ನೋಡಿದಳು. ನೋಡಿ ತನಗೆ ತೋಚಿದಂತೆಯೇ ಅರ್ಥ ಮಾಡಿಕೊಂಡಳು: ಹಬ್ಬದ ದಿನವೂ ಇವರ ಸಿಟ್ಟು ಇಳಿದಿಲ್ಲ.

ಕೊನೆಗೆ ಅವಳಿಗೆ ತಡೆಯಲಾಗಲಿಲ್ಲ. ಹೇಳುವುದಾದರೆ ಹೇಳಲಿ, ಕಳಿಸುವುದಾದರೆ ಕಳಿಸಲಿ, ಈ ಕಾಯುವ ಸಂಕಟ ಬೇಡ ಅನ್ನಿಸಿತು. ಹುಣ್ಣಿಮೆ ಕಳೆದ ಮೇಲಿನ ಸೋಮವಾರ, ಎತ್ತು ಹೂಡದ ದಿನ, ಗಂಡಸರೆಲ್ಲ ಊರಲ್ಲೇ ಇರುತ್ತಾರೆ. ಓಬಣ್ಣ ಕಮ್ಮಾರನ ಹತ್ತಿರ ಹೋಗಿದ್ದ. ಉಡಚಮ್ಮ ತಲೆ ತುಂಬ ಸೆರಗು ಹೊದ್ದು, ಹಾಡಹಗಲಲ್ಲೇ ಗಾದ್ರಪ್ಪನ ಮನೆಗೆ ನಡೆದಳು. ಓಣಿಯಲ್ಲಿ ಅಕ್ಕಿ ಆರಿಸುತ್ತಿದ್ದ ಹೆಂಗಸರ ಕೈ ನಿಂತದ್ದು ಅವಳಿಗೆ ಗೊತ್ತಾಯಿತು. ಹಿಂತಿರುಗಲಿಲ್ಲ.

ಗಾದ್ರಪ್ಪ ಜಗಲಿಯಲ್ಲಿ ಕುಳಿತು ಹಗ್ಗ ಹೊಸೆಯುತ್ತಿದ್ದ. ಅವಳನ್ನು ಕಂಡು ಗಾಬರಿಯಾಗಿ ಎದ್ದ.

"ಏನ್ ತಂಗ್ಯವ್ವ? ಅಮ್ಮ ಆರಾಮದಾಳಲ್ಲ? ಓಬ ಎಲ್ಲದಾನೆ?"

"ಎಲ್ಲಾ ಆರಾಮದಾರೆ. ಅಣ್ಣ, ಒಂದು ಮಾತು ಕೇಳಾಕೆ ಬಂದೀನಿ. ಸುಳ್ಳು ಹೇಳಬ್ಯಾಡ್ರಿ." ಅಂಗಳದಲ್ಲೇ ನಿಂತು ಕೇಳಿದಳು. "ಹೊನ್ನಾಳಿ ಕಡೆ ನನಗೆ ವೀಳ್ಯ ಆಗಿ ಮುರಿದಿದ್ದು, ಅದನ್ನ ನೀವು ಅವ್ರಿಗೆ ಹೇಳಿದ್ರಾ?"

"ಹ್ಞೂಂ, ಹೇಳೀನಿ."

ಅವಳು ಜಗಲಿಯ ಕಂಬ ಹಿಡಿದುಕೊಂಡಳು. "ಯಾವಾಗ?"

"ಯಾವಾಗ ಅಂದ್ರೆ? ನಿನ್ನ ನೋಡಿ ಬಂದ ದಿನಾನೇ. ಹೇಳ್ದೆ ಹೆಂಗೆ ಇರಾಕಾಗ್ತೈತೆ? ಮದುವೆ ಮಾಡ್ಕೊಳ್ಳೋನು ಅವನು."

"ಮದುವೆಗಿಂತ ಮೊದ್ಲಾ?"

"ಮೊದ್ಲೇ."

"ಅದಕ್ಕೆ ಅವ್ರೇನಂದ್ರು?"

ಗಾದ್ರಪ್ಪನಿಗೆ ನಗು ಬಂತು. "'ಮುದುಕ ಬಚ್ಚಲಾಗೆ ಜಾರಿದ್ರೆ ಹುಡುಗಿ ಏನು ಮಾಡ್ತಾಳಲೇ? ಅದಿರಲಿ, ಹುಡುಗಿ ನಗ್ತಾಳೋ ಇಲ್ವೋ ಅದು ಹೇಳು' ಅಂದ. ನಗ್ತಾಳೆ, ಆದ್ರೆ ಕೈ ಅಡ್ಡ ಇಟ್ಕೊಂಡು ನಗ್ತಾಳೆ ಅಂದೆ. ಸಾಕು ಅಂದ."

ಉಡಚಮ್ಮ ಕಂಬಕ್ಕೆ ಒರಗಿ ಅಲ್ಲೇ ಕುಸಿದು ಕುಳಿತಳು. ಇಷ್ಟು ದಿನ ಕಟ್ಟಿಕೊಂಡಿದ್ದೆಲ್ಲ ಒಂದೇ ಸಲಕ್ಕೆ ಬಿದ್ದರೆ ಸಮಾಧಾನವಾಗಬೇಕು. ಅವಳಿಗೆ ಇನ್ನಷ್ಟು ಹೆದರಿಕೆಯಾಯಿತು. ಅದಲ್ಲವಾದರೆ ಇನ್ನೇನು?

"ಮತ್ಯಾಕೆ ಅವ್ರು ಮಾತಾಡಲ್ಲ? ಎತ್ತು ಬಂದ ದಿನದಿಂದ ನನ್ನ ಜೊತೆ ಒಂದು ಮಾತಿಲ್ಲ ಅಣ್ಣ."

"ಹೌದಾ?" ಎಂದ ಗಾದ್ರಪ್ಪ. ಹೊಸೆದ ಹಗ್ಗವನ್ನು ಬಿಚ್ಚಿದ, ಮತ್ತೆ ಹೊಸೆದ. "ನಿನ್ನ ಮ್ಯಾಲೆ ಅಲ್ಲವ್ವ ಅದು. ಅವನಿಗೀಗ ಜೋಡಿ ಆತು. ನಾನು ಹೋಗಿ ನನ್ನ ಹೊಲಕ್ಕೂ ನಿನ್ನ ಎತ್ತು ಕೊಡೋ ಅಂದ್ರೆ, ಅದು ಕೇಳಿ ತಗೊಂಡಂಗೆ. ಅವನೇ ಬಂದು ತಗೋ ಅಂದ್ರೆ, ಕೊಟ್ಟಂಗೆ. ಇಷ್ಟು ವರ್ಷ ನಾವಿಬ್ರೂ ಕೊಟ್ಟೋರೂ ಅಲ್ಲ, ತಗೊಂಡೋರೂ ಅಲ್ಲ. ಅದಕ್ಕೆ ಅವನು ಅಲ್ಲೇ ಕುಂತಾನೆ, ನಾನು ಇಲ್ಲೇ ಕುಂತೀನಿ."

"ಗೆಳೆಯನ ಮನೆಗೆ ಬರಾಕೆ ಎತ್ತು ಬೇಕಾ ಅಣ್ಣ?"

"ಬ್ಯಾಡ ಅಂತ ನಾನೂ ತಿಳ್ಕೊಂಡಿದ್ದೆ. ಬೆಳಿಗ್ಗೆ ಎದ್ದು ಹೊರಡ್ತೀನಿ. ಓಣಿ ತಿರುವಿನಾಗೆ ಕಾಲು ನಿಂತ್ಕಂತಾವೆ. ಯಾತಕ್ಕೆ ಬಂದೆ ಅಂತ ಅವನು ಕೇಳಲ್ಲ, ನಾನೇ ಕೇಳ್ಕಂತೀನಿ."

ಹಗ್ಗವನ್ನು ಪಕ್ಕಕ್ಕಿಟ್ಟು ಅವನು ಇನ್ನೊಂದು ಮಾತು ಹೇಳಿದ.

"ನಿನ್ನ ನೋಡಾಕೆ ಬಂದಾಗ ನಿಮ್ಮಪ್ಪ ನನ್ನೇ ಕೇಳಿದ್ರು, ಅಳಿಯನ ಎತ್ತು ಯಾವ ಕಡೆದಪ್ಪ ಅಂತ. ಯಾಕೆ ಕೇಳ್ತಾರೆ ಅಂತ ನನಗೆ ಗೊತ್ತಾತು. ಎಡಗಡೆದು ಅಂತ ನಾಲಿಗೆ ತುದಿಗೆ ಬಂದಿತ್ತು. ಹಂಗಂದಿದ್ರೆ ಅವ್ರು ಬಲಗಡೆದು ತರೋರು. ಎರಡು ಬಲ ಒಂದು ನೊಗಕ್ಕೆ ಕೂಡಲ್ಲ, ನಾನೂ ಓಬನೂ ಇದ್ದಂಗೇ ಇರ್ತಿದ್ವಿ. ಅಷ್ಟೊತ್ತಿಗೆ ನೀನು ಒಳಗಿಂದ ನೀರು ತಂದುಕೊಟ್ಟೆ. ಹೆದರಿದ ಮುಖ ನಿಂದು. ಇವಳ ಜೊತೆ ಬಂದ ಎತ್ತೂ ಕೆಲಸಕ್ಕೆ ಬರ್ಲಿಲ್ಲ ಅಂತಾದ್ರೆ, ಮತ್ತೆ ಇವಳ ಕಾಲಿನ ಮ್ಯಾಲೇ ಹಾಕ್ತಾರಲ್ಲ ಅನ್ನಿಸ್ತು. ಬಲಗಡೆದು ಅಂತ ನಿಜಾನೇ ಹೇಳಿದೆ."

ಉಡಚಮ್ಮ ಸೆರಗು ಸರಿಮಾಡಿಕೊಂಡು ಎದ್ದಳು. "ನಾನು ಎತ್ತು ವಾಪಸ್ಸು ಕಳಿಸ್ತೀನಿ. ಅದು ನಂದು, ನನ್ನಪ್ಪ ನನಗೆ ಕೊಟ್ಟಿದ್ದು."

"ಬ್ಯಾಡ. ಆಗ ಅವನು ನನ್ನ ಮುಖ ನೋಡಿದಾಗೆಲ್ಲ, ಇವನ ಸಲುವಾಗಿ ಮನೆಗೆ ಬಂದ ಎತ್ತು ಬಿಟ್ಟೆ ಅಂದ್ಕಂತಾನೆ. ಅವನು ಅಂದ್ಕಳ್ಳದಿದ್ರೂ ನಾನು ಅಂದ್ಕಂತೀನಿ. ನೀನು ಮನೆಗೆ ನಡಿ ತಂಗಿ, ಓಣ್ಯಾಗೆ ಕಣ್ಣು ಜಾಸ್ತಿ ಅದಾವೆ."

ಅವಳು ಮನೆ ಮುಟ್ಟುವಷ್ಟರಲ್ಲಿ ಬಂಗಾರಮ್ಮ ಆಗಲೇ ಬಂದು ಹೋಗಿದ್ದಳು. ಕರಿಬಸಮ್ಮ ಬಾಗಿಲಲ್ಲಿ ನಿಂತಿದ್ದಳು, ಕೈಯಲ್ಲಿ ಮೊರ.

"ಗಂಡಸೊಬ್ನೇ ಇರೋ ಮನೆಗೆ ಯಾತಕ್ಕೆ ಹೋಗಿದ್ದೆ? ಊರೆಲ್ಲ ಆಡ್ಕಳ್ಳಾಕೆ ಹತ್ತೈತೆ. ಸವಳಂಗದಾಗೆ ಇದೇ ಕಲಿಸಿ ಕಳಿಸವ್ರಾ ನಿನಗೆ? ಬರ್ಲಿ ಓಬ."

ಓಬಣ್ಣ ಬಂದ. ದಾರಿಯಲ್ಲೇ ಯಾರೋ ಹೇಳಿದ್ದರೆಂದು ಅವನ ನಡಿಗೆಯಲ್ಲೇ ತಿಳಿಯುತ್ತಿತ್ತು. ಕಮ್ಮಾರನಿಂದ ತಂದ ನೇಗಿಲ ಕುಳವನ್ನು ಗೋಡೆಗೆ ಒರಗಿಸಿದ. ಕರಿಬಸಮ್ಮ ಬಾಯಿ ತೆರೆಯುವ ಮೊದಲೇ ಹೆಂಡತಿಯ ಎದುರು ಬಂದು ನಿಂತ. ಉಡಚಮ್ಮ ಕಣ್ಣು ಮುಚ್ಚಿಕೊಂಡಳು. ಹೊಡೆಯುತ್ತಾನೆ, ಇಲ್ಲವೇ ಗಂಟು ಕಟ್ಟು ಅನ್ನುತ್ತಾನೆ.

"ಗಾದ್ರಿ ಹೆಂಗದಾನೆ?" ಎಂದ ಓಬಣ್ಣ.

ಕರಿಬಸಮ್ಮನ ಬಾಯಿ ತೆರೆದದ್ದು ತೆರೆದಂತೆಯೇ ಉಳಿಯಿತು.

"ಇಳಿದುಹೋಗ್ಯಾನಾ? ಏನಾದ್ರೂ ಉಂಡಿದ್ನಾ? ಒಲೆ ಹತ್ತಿತ್ತಾ ಮನ್ಯಾಗೆ?"

ಆಗ ಉಡಚಮ್ಮನಿಗೆ ಅಳು ಒತ್ತರಿಸಿ ಬಂತು. ಅತ್ತೆ ಎದುರಿಗಿದ್ದಾಳೆ ಎಂಬುದನ್ನೂ ಮರೆತು, ವೀಳ್ಯದ ವಿಷಯ, ಬಾವಿಯ ಹತ್ತಿರದ ಮಾತು, ತವರಿಗೆ ಕಳಿಸಿಬಿಡುತ್ತೀರೆಂದು ಹೆದರಿದ್ದು, ಒಡೆದ ಕುಡಿಕೆ, ಹೂತ ಕೋಳಿ, ಎಲ್ಲ ಹೇಳಿಬಿಟ್ಟಳು. ಕೋಳಿಯ ಮಾತು ಬಂದಾಗ ಕರಿಬಸಮ್ಮ ಮೊರವನ್ನು ಕೆಳಗಿಟ್ಟು, "ಅಯ್ಯೋ ನನ್ನ ಶಾಪವೆಲ್ಲ ಮನ್ಯಾಗೇ ಉಳೀತಲ್ಲೇ!" ಎಂದು ಹಣೆ ಬಡಿದುಕೊಂಡಳು.

ಓಬಣ್ಣ ತಲೆ ಕೆರೆದುಕೊಂಡ. "ನಾನು ನಿನ್ನ ಕಳಿಸ್ತೀನಿ ಅಂದ್ಕೊಂಡಿದ್ಯಾ? ನಿನಗೇ ನಮ್ಮ ಸೀಮೆ ಹಿಡಿಸ್ಲಿಲ್ಲ ಅಂತ ನಾನು ತಿಳ್ಕೊಂಡೆ. ಹೊಸ್ತಿಲಾಗೆ ಕಾಲು ಹುಡುಕಿ ಹುಡುಕಿ ಇಡ್ತಿದ್ದೆ. ಪಾದಕ್ಕೆ ಮುಳ್ಳು ಹೊಕ್ಕೈತೇನೋ ಅಂತ ಕೇಳಬೇಕು ಅನ್ನಿಸ್ತು, ಬಾಯಿಗೆ ಬರ್ಲಿಲ್ಲ. ನನಗೆ ಯಾವ್ದೂ ಬಾಯಿಗೆ ಬರ್ಲಿಲ್ಲ ಈ ಸಲ."

"ನಾಳೆ ಹೋಗಿ ಅಣ್ಣನ ಹೊಲ ಬಿತ್ತಾನ ನಡೀರಿ," ಎಂದಳು ಉಡಚಮ್ಮ ಮೂಗೊರೆಸಿಕೊಳ್ಳುತ್ತ. "ಕೇಳಾಕೆ ಹೋಗಬ್ಯಾಡ್ರಿ. ಸುಮ್ನೆ ಹೊಲಕ್ಕೆ ಎತ್ತು ಇಳಿಸಿಬಿಡ್ರಿ."

ಹಾಗೇ ಮಾಡಿದರು. ಮಂಗಳವಾರ ಬೆಳಕು ಹರಿಯುವ ಹೊತ್ತಿಗೆ ಓಬಣ್ಣನ ಕೂರಿಗೆ ಗಾದ್ರಪ್ಪನ ಹೊಲದಲ್ಲಿತ್ತು. ಸುದ್ದಿ ತಿಳಿದು ಗಾದ್ರಪ್ಪ ಬಂದು ಬದುವಿನ ಮೇಲೆ ನಿಂತ. ಒಂದು ಸಾಲು ಮುಗಿಯುವವರೆಗೂ ನೋಡಿ, ಕೆಳಗಿಳಿದು, ಓಬಣ್ಣನ ಕೈಯಿಂದ ಕೂರಿಗೆ ತೆಗೆದುಕೊಂಡ. ಓಬಣ್ಣ ಎತ್ತುಗಳ ಮುಂದೆ ನಡೆದ. ಉಡಚಮ್ಮ ಕಾಳು ಬಿಟ್ಟಳು.

"ಒತ್ತಬ್ಯಾಡೋ, ನೆಲ ಮೆತ್ತಗೈತೆ."

"ನೀನು ಮುಂದೆ ನೋಡಿ ನಡಿಯೋ, ನಿನ್ನ ಸೊಟ್ಟ ಸಾಲು ಕಂಡೀನಿ ನಾನು. ಹಾವು ಹರಿದಂಗದಾವೆ."

"ಅದು ಈ ಬಿಳಿಯಂದು."

"ಹ್ಞೂಂ, ಎತ್ತಿನ ಮ್ಯಾಲೆ ಹಾಕು."

ಮಾತು ಬಂದದ್ದೇ ಉಡಚಮ್ಮನ ಎದೆ ಹಗುರಾಯಿತು. ಮಧ್ಯಾಹ್ನ ಬನ್ನಿ ಮರದ ಕೆಳಗೆ ಮೂವರೂ ಕುಳಿತು ರೊಟ್ಟಿ, ಗುರೆಳ್ಳು ಚಟ್ನಿ ತಿಂದರು. ಎಲ್ಲ ಸರಿಹೋಯಿತು ಎಂದುಕೊಂಡಳು. ಸಂಜೆಯ ಹೊತ್ತಿಗೆ ಹೊಲ ಮುಗಿಯಿತು. ಎತ್ತಿನ ಕೊರಳ ಹಗ್ಗ ಬಿಚ್ಚುವಾಗ ಗಾದ್ರಪ್ಪ ಹೆಗಲ ಮೇಲಿನ ಟವೆಲಿನಿಂದ ಮುಖ ಒರೆಸಿಕೊಂಡು ಹೇಳಿದ:

"ದೊಡ್ಡ ಉಪಕಾರ ಆತು ಕಣೋ ಓಬ."

ಓಬಣ್ಣನ ಕೈ ನೊಗದ ಮೇಲೆ ನಿಂತುಬಿಟ್ಟಿತು. ಅಷ್ಟು ವರ್ಷ ಕೂಡಿ ಗೆಯ್ದವರಲ್ಲಿ ಒಬ್ಬರೂ ಇನ್ನೊಬ್ಬರಿಗೆ ಆಡಿರದ ಮಾತು. ಗಾದ್ರಪ್ಪ ಕೊಂಕು ಆಡಿದ್ದಲ್ಲ, ಮನಸ್ಸು ತುಂಬಿ ಹೇಳಿದ್ದ. ಅದೇ ಓಬಣ್ಣನಿಗೆ ತಡೆಯದಾಯಿತು. "ಉಪಕಾರ ಅಂತೆ," ಎಂದು ಅವನು ನೆಲಕ್ಕೆ ಹೇಳಿದ. ಉಡಚಮ್ಮನಿಗೆ, ಎರಡು ಹೆಜ್ಜೆ ಆಚೆ ನಿಂತವಳಿಗೆ, ಬೆಳಿಗ್ಗೆಯಿಂದ ಹಗುರಾಗಿದ್ದುದು ಮತ್ತೆ ಭಾರವಾಯಿತು. ಆದರೆ ಈ ಸಲ ಹೆದರಿಕೆ ತನ್ನ ಸಲುವಾಗಿ ಅಲ್ಲ.

ಆಮೇಲೆ ಗಾದ್ರಪ್ಪ ಮನೆಗೆ ಬಂದ, ಹೋದ. ಬಂದಾಗ ಒಳಗೆ ಬರುವ ಮುಂಚೆ ಬಾಗಿಲಲ್ಲಿ ಕೆಮ್ಮುತ್ತಿದ್ದ. ಉಣ್ಣು ಅಂದರೆ ಈಗ ಉಂಡೆ ಅನ್ನುತ್ತಿದ್ದ. ಓಬಣ್ಣ ಹೋಗಿ ಬೂದನನ್ನು ನಮ್ಮ ಕೊಟ್ಟಿಗೆಗೇ ಹೊಡಿಯೋ, ಇನ್ನೊಂದು ಗೂಟ ನಡ್ತೀನಿ ಅಂದ. ಗಾದ್ರಪ್ಪ ನಕ್ಕು ಬೇರೆ ಮಾತು ತೆಗೆದ. ನವಣೆ ಮೊಳಕೆ ಒಡೆದು ಸಾಲು ಹಿಡಿದ ಮೇಲೆ ಒಂದು ಸಂಜೆ ಬಂದು ಹೇಳಿದ: ಚನ್ನಗಿರಿ ಕಡೆ ಅಕ್ಕನ ಊರಿಗೆ ಹೋಗುತ್ತೇನೆ, ಅಲ್ಲಿ ನಾಲೆ ನೀರಿದೆ, ವರ್ಷವೆಲ್ಲ ಗೇಮೆ ಇರುತ್ತದೆ, ಭಾವನ ಹತ್ತಿರವೂ ಒಂದೇ ಎತ್ತು.

"ಅದು ಯಾವ ಕಡೆದು?" ಎಂದು ಕೇಳಿದ ಓಬಣ್ಣ.

"ಗೊತ್ತಿಲ್ಲ. ಹೋಗಿ ನೋಡ್ಬೇಕು."

"ಎಡಗಡೆದೇ ಆಗಿದ್ರೆ?"

"ಆಗಿದ್ರೆ ಭಾವನ್ನ ಬೈತೀನಿ," ಎಂದ ಗಾದ್ರಪ್ಪ. ಇಬ್ಬರೂ ಮೊದಲಿನ ಹಾಗೆಯೇ ಜೋರಾಗಿ ನಕ್ಕರು. ಹೋಗಬೇಡ ಎಂದು ಓಬಣ್ಣ ಹೇಳಲಿಲ್ಲ. ಹೇಳಿರಿ ಎಂದು ಉಡಚಮ್ಮ ಒಲೆಯ ಮುಂದಿನಿಂದ ಕಣ್ಣಲ್ಲೇ ಬೇಡಿಕೊಂಡಳು. ಅವನು ಎದ್ದು ಎತ್ತುಗಳಿಗೆ ಮೇವು ಹಾಕಲು ಕೊಟ್ಟಿಗೆಗೆ ಹೋದ.

ಹೊರಡುವ ದಿನ ಅವಳು ದಾರಿಗೆ ಸಜ್ಜೆ ರೊಟ್ಟಿ ಕಟ್ಟಿಕೊಟ್ಟಳು. ಕರಿಬಸಮ್ಮ ಸೆರಗಿನಲ್ಲಿ ಕಣ್ಣು ಒತ್ತಿಕೊಳ್ಳುತ್ತ, "ಹೋಗೋ ಮುಂಡೇದೇ, ನನ್ನ ಸಾವಿಗಾದ್ರೂ ಬಾ," ಎಂದು ಬೈದಳು. ಓಬಣ್ಣ ಬೂದನ ಹಗ್ಗ ತಾನೇ ಹಿಡಿದುಕೊಂಡು ಜಗಳೂರಿನ ತನಕ ಜೊತೆಗೆ ನಡೆದ. ಹೊತ್ತು ಇಳಿಯುವಾಗ ಒಬ್ಬನೇ ತಿರುಗಿ ಬಂದು, ಹೆಂಡತಿಯ ಪಕ್ಕದಲ್ಲಿ ಕುಳಿತು, ಅವಳು ಕೇಳದೆಯೇ ದಾರಿಯಲ್ಲಿ ಆದದ್ದೆಲ್ಲ ಹೇಳಿದ: ಎಲ್ಲಿ ಕುಳಿತರು, ಯಾವ ಹಳ್ಳದಲ್ಲಿ ಎತ್ತಿಗೆ ನೀರು ಕುಡಿಸಿದರು, ಹಗ್ಗ ಕೈಯಿಂದ ಕೈಗೆ ಕೊಡುವಾಗ ಬೂದ ಯಾರ ಕಡೆ ತಿರುಗಿತು ಎಂಬುದನ್ನೆಲ್ಲ. ಉಡಚಮ್ಮ ಮುದ್ದೆ ಆರುವವರೆಗೂ ಕೇಳುತ್ತ ಕುಳಿತಳು.

ಆ ಮನೆಯಿಂದ ಯಾರಾದರೂ ಹೊರಡುವುದಾದರೆ ಅದು ತಾನೇ ಎಂದು ಅವಳು ಎಷ್ಟೋ ದಿನ ನಂಬಿದ್ದಳು. ಹೋದವನು ಗಾದ್ರಪ್ಪ. ಆರಿದ್ರಾ ಮಳೆಯ ಕೊನೆಯ ಬುಧವಾರ.